ಇಪ್ಪತ್ತೊಂಬತ್ತನೆಯ ಸಂಜೆಯ ಚಂದ್ರ

ಬೀದರಿನ ಆ ಮುಕದ್ದಮ ತೀರಿಕೊಂಡನೆಂದು ಯಾರೋ ಹೇಳಿದರು. ಕೈಯಲ್ಲಿದ್ದ ಬೀಡಿಯನ್ನು ಪೂರ್ತಿ ಸೇದಿ ನನ್ನ ಕೆಲಸಕ್ಕೆ ಎದ್ದೆ. ಸತ್ತವರನ್ನು ಕ್ಷಮಿಸಬೇಕಂತೆ. ನಾನು ಕ್ಷಮಿಸಿಲ್ಲ.

ನಾನು ಭಾಲ್ಕಿಯ ಪಿಂಜಾರರ ಮನೆಯವನು. ಹತ್ತಿ ಹಿಂಜಿ ಗಾದಿ ಹೊಲಿಯುವುದು ನಮ್ಮ ಕಸುಬು. ಮೂರನೆಯ ಇಯತ್ತೆಗೇ ಸಾಲೆ ಬಿಟ್ಟು ದುಡಿಯಲು ನಿಂತವನು. ನಮ್ಮ ನಮಾಜು ಉಳಿದ ಮುಸಲ್ಮಾನರ ಹಾಗೆಯೇ, ಮನೆಯ ಮಾತು ಮಾತ್ರ ಕನ್ನಡ. ಅದೊಂದಕ್ಕೇ ಉರ್ದು ಆಡುವ ಬೀದರ ಪಟ್ಟಣದ ಕೆಲವರಿಗೆ ನಾವು ಒಂದು ಮೆಟ್ಟಿಲು ಕೆಳಗಿನವರು.

ಮಹಾಯುದ್ಧದ ಕಾಲಕ್ಕೆ ಮುಂಬಯಿಯಲ್ಲಿ ಹಡಗು ಹತ್ತಿಸಿ ನಮ್ಮನ್ನು ಫ್ರಾನ್ಸಿನ ಒಂದು ಬಂದರಿಗೆ ಚೀಲ ಹೊರಲು ಒಯ್ದರು. ದಿನವಿಡೀ ಇಗರ್ಜಿಯ ಗಂಟೆ ಕೇಳುವ ಊರು; ಬಾಂಗು ಎಂಬುದು ಅಲ್ಲಿ ಯಾರಿಗೂ ಗೊತ್ತಿಲ್ಲ. ನಮ್ಮ ಡೇರೆಗಳಲ್ಲಿ ಮುಸಲ್ಮಾನರು ಇಪ್ಪತ್ತು ಮಂದಿ. ನನ್ನ ಜಿಲ್ಲೆಯವರು ಇಬ್ಬರೇ: ಅಡುಗೆಯ ಕೆಲಸದ ಔರಾದಿನ ಲಿಂಗಾಯತ ಗೆಳೆಯ, ಮತ್ತು ನಮ್ಮ ಗುಂಪಿನಿಂದ ಕೆಲಸ ತೆಗೆಯುವ ಮುಕದ್ದಮ. ನಮಾಜಿಗೂ ಅವನೇ ಮುಂದೆ ನಿಲ್ಲುವವನು. ನನ್ನನ್ನು ಅವನು ಕರೆಯುತ್ತಿದ್ದದ್ದು ‘ಅರ್ಧ ಮುಸಲ್ಮಾನ’ ಎಂದು.

ಆ ವರ್ಷ ರಮಜಾನ್ ಬೇಸಗೆಯಲ್ಲಿ ಬಂತು. ಅಲ್ಲಿ ಬೇಸಗೆಯ ಸೂರ್ಯ ರಾತ್ರಿ ಊಟದ ಹೊತ್ತಾದರೂ ಮುಳುಗುವುದಿಲ್ಲ. ಒಣ ಬಾಯಲ್ಲೇ ಚೀಲ ಹೊತ್ತೆವು. ಇಪ್ಪತ್ತೊಂಬತ್ತನೆಯ ಸಂಜೆ ಚಂದ್ರ ಕಂಡರೆ ಮರುದಿನ ಈದ್, ಇಲ್ಲವಾದರೆ ಇನ್ನೊಂದು ರೋಜಾ. ಮೋಡ ಕವಿದಿತ್ತು. ನಾನೂ ಔರಾದಿನವನೂ ಚೀಲಗಳ ಒಟ್ಟಿಲಿನ ಮೇಲೆ ಹತ್ತಿ ನಿಂತೆವು. ಕಡಲಿನ ಮೇಲೆ ಮೋಡ ಒಮ್ಮೆ ಸರಿಯಿತು. ಉಗುರಿನ ಗೀರಿನಷ್ಟು ಚಂದ್ರ! ಇಬ್ಬರೂ ನೋಡಿದೆವು. ಮತ್ತೆ ಮುಚ್ಚಿತು.

ಓಡಿಹೋಗಿ ಹೇಳಿದೆ.

"ಈದಿನ ಚಾಂದಕ್ಕ ಇಬ್ಬರು ಸಾಕ್ಷಿ ಬೇಕು. ಇನ್ನೊಬ್ಬ ಯಾರು?" ಎಂದ ಮುಕದ್ದಮ.

"ಔರಾದಿನವ್ರು ನೋಡ್ಯಾರ್ರಿ."

"ಲಿಂಗ ಕಟ್ಟಿದಾಂವನ ಸಾಕ್ಷಿ ಸೊನ್ನಿ. ನಿಂದು ಅರ್ಧ. ಕೂಡಿಸಿದ್ರ ಎಷ್ಟಾತೋ ಪಿಂಜಾರ?"

ಅಷ್ಟಕ್ಕೇ ಬಿಡಲಿಲ್ಲ. ಉಳಿದವರಿಗೂ ತಿಳಿಯಲೆಂದು ಅದನ್ನೇ ಉರ್ದುವಿನಲ್ಲಿ ಇನ್ನೊಮ್ಮೆ ಹೇಳಿದ. ಎಲ್ಲರೂ ನಕ್ಕರು. ಇಬ್ಬರು ಸಾಕ್ಷಿ ಬೇಕೆಂಬುದು ನನಗೂ ಗೊತ್ತಿತ್ತು. ಆದರೆ ನನ್ನ ಮಾತನ್ನು ಮುಸಲ್ಮಾನನ ಮಾತೆಂದು ಒಪ್ಪಿ ಆಮೇಲೆ ಎರಡನೆಯವನನ್ನು ಕೇಳಬೇಕಿತ್ತು.

ಮರುದಿನ ಅವರೆಲ್ಲ ರೋಜಾ ಹಿಡಿದರು. ಹಬ್ಬದ ದಿನ ಉಪವಾಸವಿರುವುದು ನಮ್ಮಲ್ಲಿ ಪಾಪ. ನಾನು ಮಿಂದು, ಒಗೆದ ಅಂಗಿ ತೊಟ್ಟೆ. ಈದಿನ ನಮಾಜು ಒಬ್ಬನೇ ಮಾಡಲು ಬರುವುದಿಲ್ಲ. ಅದನ್ನೂ ಅವನು ನನ್ನಿಂದ ಕಿತ್ತುಕೊಂಡಿದ್ದ. ಬೆಳಗಿನ ಪಾಳಿಯಲ್ಲಿ ಒಂದು ಚೀಲವೂ ಕಡಿಮೆಯಾಗದಂತೆ ಹೊತ್ತೆ, ಯಾರೂ ಬೊಟ್ಟು ಮಾಡಬಾರದೆಂದು. ಮಧ್ಯಾಹ್ನ ಔರಾದಿನವನೂ ನಾನೂ ಈದಿನ ಪಾಯಸ ಸುರಕುಂಬಾಕ್ಕೆ ಹಾಲಿಟ್ಟೆವು. ಅಲ್ಲಿನ ಅಂಗಡಿಯಲ್ಲಿ ನಮ್ಮ ಶಾವಿಗೆಯಂಥದ್ದೇ ಸಿಗುತ್ತಿತ್ತು. ತುಪ್ಪದಲ್ಲಿ ಹುರಿದು, ಖರ್ಜೂರ ಬಿಡಿಸಿ ಹಾಕಿದೆವು. ಗಾಳಿ ಯಾವ ಕಡೆಗೆ ಬೀಸುತ್ತಿದೆ ನೋಡಿಯೇ ನಾನು ಒಲೆ ಹೂಡಿದ್ದೆ. ಘಮ ನೇರವಾಗಿ ಅವರ ಡೇರೆಗೇ ಹೋಯಿತು.

"ಪಾಪ, ಹಸದಾರೋ," ಎಂದ ಗೆಳೆಯ.

"ಇನ್ನೊಂದು ಸೌಟ ತುಪ್ಪ ಹಾಕು," ಎಂದೆ.

ಹೊತ್ತು ಇಳಿಯುವಾಗ ಪಕ್ಕದ ಊರಿನ ಡೇರೆಗಳಿಂದ ಹೇಸರಗತ್ತೆ ಹೊಡೆಯುವ ಮುಸಲ್ಮಾನರು ಗಾಡಿ ತುಂಬಿಕೊಂಡು ಬಂದರು. ಮೈಗೆಲ್ಲ ಅತ್ತರು, ಬಾಯಲ್ಲಿ ಈದ್ ಮುಬಾರಕ್. ಅವರಲ್ಲಿ ಐದು ಮಂದಿ ಚಂದ್ರನನ್ನು ನೋಡಿದ್ದರು. ನಮ್ಮವರ ಮುಖ ಸುಣ್ಣವಾಯಿತು. ಈದೆಂದು ತಿಳಿದ ಮೇಲೆ ರೋಜಾ ತಕ್ಷಣ ಮುರಿಯಬೇಕು. ಒಬ್ಬೊಬ್ಬರಾಗಿ ನನ್ನ ಪಾತ್ರೆಯ ಬಳಿ ಬಂದರು, ಒಬ್ಬೊಬ್ಬರಿಗೂ ಬಡಿಸಿದೆ. ಕೊನೆಗೆ ಮುಕದ್ದಮ ಬಟ್ಟಲು ಚಾಚಿದ.

"ಚಾಂದ ಕಂಡಿತ್ತೇನ್ರಿ?" ಎಂದೆ.

"ಕಂಡಿತ್ತು ಬಿಡಪ್ಪ."

"ನನಗಲ್ಲರಿ, ಅವರಿಗೆ ಹೇಳ್ರಿ. ಪಿಂಜಾರ ಖರೇ ಹೇಳಿದ್ದ ಅನ್ರಿ. ನಿನ್ನಿ ನಗಿಸಿದಂಗ ಎರಡೂ ಭಾಷಾದಾಗ."

ಹೇಳಿದ. ಕನ್ನಡದಲ್ಲಿ ಹೇಳಿ, ತಡೆದು, ಉರ್ದುವಿನಲ್ಲೂ ಹೇಳಿದ. ಈ ಸಲ ಯಾರೂ ನಗಲಿಲ್ಲ. ಆಮೇಲೆ ಅವನ ಬಟ್ಟಲಿಗೆ ನೀರು ಹೊಯ್ದೆ. ಪಾತ್ರೆಯಲ್ಲಿ ಸುರಕುಂಬಾ ಇನ್ನೂ ಇತ್ತು, ಅವನಿಗೂ ಕಾಣುತ್ತಿತ್ತು. ನಿಂತೇ ಆ ನೀರು ಕುಡಿದ.

ಈದಿನ ನಮಾಜು ಮಧ್ಯಾಹ್ನದೊಳಗೆ ಆಗಬೇಕು; ಹೊತ್ತು ಮೀರಿದ್ದರಿಂದ ಮರುದಿನ ಬೆಳಿಗ್ಗೆ ಆಯಿತು. ಮುಗಿದ ಮೇಲೆ ಎಲ್ಲರೂ ಒಬ್ಬರನ್ನೊಬ್ಬರು ಮೂರು ಸಲ ತಬ್ಬಿಕೊಳ್ಳುವ ಹೊತ್ತು. ಮುಕದ್ದಮ ತಾನಾಗಿ ನನ್ನೆದುರು ಬಂದು ತೋಳು ಚಾಚಿದ. ಉಳಿದವರೆಲ್ಲ ನೋಡುತ್ತಿದ್ದರು. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ಅವನ ತೋಳು ಹಾಗೆಯೇ ಗಾಳಿಯಲ್ಲಿ ನಿಂತವು. ಅವು ಇಳಿಯುವವರೆಗೂ ಅಲ್ಲೇ ನಿಂತು ನೋಡಿ, ಆಮೇಲೆ ಹೊರಟೆ.

ಒಲೆಯ ಬಳಿ ಔರಾದಿನವನು ಬೈದ: "ಹಬ್ಬದ ದಿವ್ಸ ಹಿಂಗ ಮಾಡಬಾರ್ದಾಗಿತ್ತು ನೀ."

"ನನ್ನ ಹಬ್ಬ ನಿನ್ನಿನೇ ಆಗ್ಯದ," ಎಂದೆ. "ಇವತ್ತಿಂದು ಅವರದು."