ಗಿಟಾರಿನ ನಡುವಿನ ಚಹಾ

ಹುಮನಾಬಾದಿನ ಕ್ಯಾಸೆಟ್ ಅಂಗಡಿಯ ಮಾಣಿಕರಾಯರಿಗೆ ಭಜನೆ, ಕವ್ವಾಲಿಗಳು ಹೊಟ್ಟೆಪಾಡು. ಇಂಗ್ಲೆಂಡಿನ ಒಂದು ರಾಕ್ ಬ್ಯಾಂಡು ಮಾತ್ರ ಮನೆದೇವರು. ಅದರ ಆಲ್ಬಮ್ಮುಗಳನ್ನು ಬಳಗದವರ ಮದುವೆಗಳಂತೆ ಇಸವಿ ಸಮೇತ ಹೇಳುತ್ತಿದ್ದರು. ಡ್ರಮ್ಮು ಬಾರಿಸುವವನು ಬ್ಯಾಂಡು ಬಿಟ್ಟ ಸುದ್ದಿ ಬಂದ ದಿನ ಅಂಗಡಿಯ ಬಾಗಿಲನ್ನೇ ತೆರೆಯಲಿಲ್ಲ. ತೊಂಬತ್ತರ ದಶಕದಲ್ಲೊಮ್ಮೆ, ಹೈದರಾಬಾದಿನ ಗೆಳೆಯನಿಂದ ಕಡ ತಂದ ಕ್ಯಾಸೆಟ್ಟನ್ನು ಮನೆಯಲ್ಲಿ ಎರಡು ಟೇಪ್‌ರೆಕಾರ್ಡರು ಎದುರುಬದುರು ಇಟ್ಟು ನಕಲು ಮಾಡುತ್ತಿದ್ದಾಗ, ಗಿಟಾರು ಏರುವ ಹೊತ್ತಿಗೇ ಹೆಂಡತಿ ಕಸ್ತೂರಬಾಯಿ ಅಡುಗೆಮನೆಯಿಂದ "ಏನ್ರೀ, ಚಾ ಆರಾಕತ್ತದ" ಎಂದು ಕೂಗಿದ್ದೂ ಅದರಲ್ಲಿ ಸೇರಿಬಿಟ್ಟಿತು. "ಎಂಥಾ ಹಾಡು ಕೆಡಿಸಿದಿ ನೋಡು" ಎಂದು ರಾಯರು ವರ್ಷಗಟ್ಟಲೆ ಗೊಣಗಿದರು. ಅಂಗಡಿಯಲ್ಲಿ ಮಾರಿದ್ದೂ ಅದರ ನಕಲುಗಳನ್ನೇ. ಹಾಗಾಗಿ ಊರಿನ ಕಾಲೇಜು ಹುಡುಗರೆಲ್ಲ ಆ ಜಾಗ ಬಂದಾಗ ಕಣ್ಣು ಮುಚ್ಚಿ, ತಲೆ ಕುಣಿಸಿ, "ಚಾ ಆರಾಕತ್ತದ" ಎಂದು ತಾವೂ ಹಾಡುತ್ತಿದ್ದರು. ಈಗ ಆ ಅಂಗಡಿಯಲ್ಲಿ ಮೊಬೈಲ್ ರೀಚಾರ್ಜು. ಮನೆಯ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿದೆ, ಊರವರು ತಮ್ಮವನ್ನು ಎಂದೋ ಎಸೆದಿದ್ದಾರೆ. ಕಸ್ತೂರಬಾಯಿ ತೀರಿಕೊಂಡ ಮೇಲೆ ರಾಯರು ವಾರಕ್ಕೊಮ್ಮೆ ಬಸ್ಸು ಹತ್ತಿ ಬಸವಕಲ್ಯಾಣದ ಸೈಬರ್ ಕೆಫೆಗೆ ಹೋಗುತ್ತಾರೆ. ಅಲ್ಲಿ ಅಭಿಮಾನಿಗಳು ಕಟ್ಟಿದ ವೆಬ್‌ಸೈಟಿನಲ್ಲಿ ಆ ಒಂದೇ ಹಾಡು ಹತ್ತಾರು ಬಗೆಯಲ್ಲಿದೆ: ಸ್ಟೇಜಿನದು, ತಾಲೀಮಿನದು, ಯಾರೋ ಕದ್ದು ರೆಕಾರ್ಡು ಮಾಡಿದ್ದು. ತಮ್ಮಲ್ಲಿ ಕೊಂಡವರು ಯಾರಾದರೂ ಆ ನಕಲನ್ನೂ ಹಾಕಿರಬಹುದೆಂದು ಒಂದೊಂದನ್ನೂ ಗಿಟಾರು ಏರುವ ತನಕ ಕೇಳಿ, ಉಸಿರು ಹಿಡಿದು ಕಾದು, ಮುಂದಿನದನ್ನು ಒತ್ತುತ್ತಾರೆ. "ಸಿಕ್ತೇನ್ರಿ ಕಾಕಾ?" ಎಂದು ಕೆಫೆಯ ನಸೀರ್ ಕೇಳಿದರೆ ಹೆಡ್‌ಫೋನು ತೆಗೆದು ಹೇಳುತ್ತಾರೆ: "ಎಲ್ಲಾ ಚೊಲೋನೇ ಅದಾವಪಾ. ಆಕಿ ಕೆಡಿಸಿದ್ದೊಂದು ಸಿಗವಲ್ದು."