ನಿಂತ ಮೇಲೆ ಕೇಳಿದ ಹೆಜ್ಜೆ

ಬೆಳಕು ಹರಿಯುತ್ತಿದೆ. ಬೀದಿಯಲ್ಲಿ ವಾಹನಗಳ ಗದ್ದಲ ಶುರುವಾಗುವ ಮುನ್ನ ಕೆಲಸ ಮುಗಿಯಬೇಕು. ದಪ್ಪ ಕಂಬಳಿ ಹೊದಿಸಿದ ಗೋಡೆಗಳ ನಡುವೆ, ಮರದ ಹಲಗೆಯ ಮುಂದೆ ಎಪ್ಪತ್ತು ದಾಟಿದ ಹೆಂಗಸೊಬ್ಬರು ಎಡಗಾಲಿಗೆ ಮಾತ್ರ ಚಪ್ಪಲಿ ಹಾಕಿ ನಿಂತಿದ್ದಾರೆ. ಸ್ಟುಡಿಯೋದವರಿಗೆ ಇವರು ‘ಹೆಜ್ಜೆಯಮ್ಮ’. ನಾನು ಇವರ ಬಗ್ಗೆ ಬರೆಯಲು ಬಂದವನು.

ಪರದೆಯ ಮೇಲೆ ನಡೆಯುವವರಿಗೆ ಹೆಜ್ಜೆಯ ಸದ್ದು ಕೊಡುವುದು ಇವರ ಕಸುಬು. ಎಷ್ಟೋ ನಾಯಕಿಯರು ಇವರ ಕಾಲಲ್ಲೇ ಓಡಿಹೋಗಿ ಮದುವೆಯಾಗಿದ್ದಾರೆ. ಮಂಡಿ ಸವೆದದ್ದು ಮಾತ್ರ ಇವರದು.

ಇವತ್ತಿನ ಕೆಲಸ ಒಂದೇ ಹೆಜ್ಜೆ. ಅದು ಕಪ್ಪು ಬಿಳುಪಿನ ಹಳೆಯ ದೆವ್ವದ ಚಿತ್ರದ್ದು. ಅದರಲ್ಲಿ ದೆವ್ವ ಕಾಣಿಸುವುದೇ ಇಲ್ಲ, ಯಾರೂ ಕಿರುಚುವುದೂ ಇಲ್ಲ. ನಾಯಕಿ ಖಾಲಿ ಮನೆಯ ಮೆಟ್ಟಿಲು ಹತ್ತುತ್ತಾಳೆ, ನಿಲ್ಲುತ್ತಾಳೆ. ಅವಳು ನಿಂತ ಮೇಲೆ ಇನ್ನೊಂದು ಹೆಜ್ಜೆ ಕೇಳುತ್ತದೆ. ಚಿಕ್ಕವನಿದ್ದಾಗ ಅದನ್ನು ಕೇಳಿ ನನ್ನ ಎದೆ ಧಸಕ್ಕೆಂದಿತ್ತು.

“ಅದು ನಾನು ತಪ್ಪಿ ಇಟ್ಟಿದ್ದು. ಅವಳು ನಿಂತಿದ್ದು ನೋಡ್ಲಿಲ್ಲ. ಬೈತಾರೆ ಅಂದ್ಕೊಂಡೆ, ನಿರ್ದೇಶಕರು ಸುಮ್ನೆ ಹಿಂದೆ ತಿರುಗಿ ನೋಡಿದ್ರು” ಎಂದು ಹೆಜ್ಜೆಯಮ್ಮ ನಗುತ್ತಾರೆ. ಆ ತಪ್ಪು ಚಿತ್ರದಲ್ಲೇ ಉಳಿಯಿತು.

ಈಗ ಚಿತ್ರ ಮತ್ತೆ ತೆರೆಗೆ ಬರುತ್ತಿದೆ, ಆದರೆ ಆ ಜಾಗದ ಸದ್ದು ಅಳಿಸಿಹೋಗಿದೆ. ಇವತ್ತು ಹೆಜ್ಜೆ ಸಿಗದಿದ್ದರೆ ಅಲ್ಲಿ ಪಿಟೀಲು ತುಂಬಿಸುತ್ತಾರಂತೆ. ನನಗಂತೂ ಕೇಳಿಯೇ ಹೊಟ್ಟೆ ಉರಿಯಿತು.

ಹೆಜ್ಜೆ ಜಪ್ಪಯ್ಯ ಅಂದರೂ ಬರುತ್ತಿಲ್ಲ. ಮೆಲ್ಲಗೆ ಇಟ್ಟರೂ, ಎಳೆದು ಇಟ್ಟರೂ ಅವರೇ ತಲೆಯಾಡಿಸುತ್ತಾರೆ. “ಹೆದರ್ಸೋಕೆ ಅಂತ ಇಟ್ರೆ ನಾಟಕ ಆಗುತ್ತೆ. ಮನೆಯವರು ಯಾರೋ ಬಂದ ಹಾಗಿರ್ಬೇಕು.” ಕೊನೆಗೆ ಮುಖ ಸಪ್ಪೆ ಮಾಡಿಕೊಂಡು ಕುರ್ಚಿಯಲ್ಲಿ ಕೂತುಬಿಡುತ್ತಾರೆ.

ಧ್ವನಿ ಮುದ್ರಿಸುವವರು ಇವರ ಮೈದುನ. ಹೋಗಲಿ ಬಿಡಿ ಅತ್ತಿಗೆ, ಕಾಫಿ ಕುಡಿಯೋಣ ಅನ್ನುತ್ತಾರೆ. ಇವರು ಮಂಡಿ ಹಿಡಿದು ಎದ್ದು, ಕಾಫಿಯ ಕಡೆಗೆ ಹಲಗೆಯ ಮೇಲೆ ಒಂದು ಕಾಲಿಡುತ್ತಾರೆ. ಮೈದುನ ಥಟ್ಟನೆ ಕೈ ಎತ್ತುತ್ತಾರೆ. ಯಂತ್ರ ನಿಲ್ಲಿಸುವುದನ್ನು ಅವರು ಮರೆತಿದ್ದರು.

ಚಿತ್ರಕ್ಕೆ ಜೋಡಿಸಿ ಕೇಳುತ್ತೇವೆ. ನಾಯಕಿ ನಿಲ್ಲುತ್ತಾಳೆ. ಹೆಜ್ಜೆ ಕೇಳುತ್ತದೆ. ನಾನೂ ಇವರ ಮೈದುನನೂ ಒಟ್ಟಿಗೆ ಬಾಗಿಲ ಕಡೆ ನೋಡುತ್ತೇವೆ.

ಈ ಸಲವಾದರೂ ಚಿತ್ರದಲ್ಲಿ ನಿಮ್ಮ ಹೆಸರು ಹಾಕಿಸಬೇಕು ಎನ್ನುತ್ತೇನೆ. ಹೆಜ್ಜೆಯಮ್ಮ ಚಪ್ಪಲಿ ಬಿಚ್ಚಿ ಪಕ್ಕಕ್ಕಿಡುತ್ತಾರೆ.

“ನಾಯಕಿ ಹೆಜ್ಜೆಗೆಲ್ಲ ನನ್ನ ಹೆಸರು ಹಾಕ್ಲಿ, ಖುಷಿನೇ. ಅದೊಂದು ಹೆಜ್ಜೆ ನಂದು ಅಂತ ಮಾತ್ರ ಹೇಳ್ಬೇಡಿ. ಯಾರದು ಅಂತ ಗೊತ್ತಾದ್ರೆ ಯಾರು ಹೆದರ್ತಾರೆ?”