ಅಟ್ರಾಕ್ಟಾ ಬಳಿದ ಬಿಸಿಲು

ಬಿಸಿಲೇ ಅಪರೂಪವಾದ ಮೇಯೊ ಸೀಮೆಯ ಕಡಲಂಚಿನ ಆ ಪುಟ್ಟ ಊರಿನಲ್ಲಿ ಅಟ್ರಾಕ್ಟಾ ಡರ್ಕನ್ ಅಂದರೆ ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂರುವ ಕೆಂಚುಗೂದಲಿನ ಹೆಂಗಸು. ಮುಖದ ತುಂಬ ಚುಕ್ಕೆ, ಮಾತು ಕಡ್ಡಿ ಮುರಿದಂತೆ. ಚಿಕ್ಕಂದಿನಲ್ಲಿ ಅವಳು ಲಂಗ ತೊಟ್ಟು ಶಾಲೆಗೆ ಬಂದರೆ ಸಾಕು, ಹುಡುಗರು ಅವಳ ಬಿಳಿಚಿದ ಕಾಲು ನೋಡಿ, “ಹಾಲಿನ ಬಾಟಲಿ ಬಂತು, ದಾರಿ ಬಿಡ್ರೋ” ಎಂದು ಕೂಗುತ್ತಿದ್ದರು.

ಬಿಸಿಲಿಗೆ ಕಂದುಬಣ್ಣ ಬಂದ ಮೈಯೇ ಅಲ್ಲಿ ಚೆಲುವು; ಆ ಮಾತು ಅವಳ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಹದಿನಾರರಿಂದಾಚೆಗೆ, ಮೋಡ ಸರಿದು ಸೂರ್ಯ ಇಣುಕಿದಾಗಲೆಲ್ಲ, ಅವಳೂ ತಂಗಿ ಗೊರೆಟ್ಟಿಯೂ ಮೈಗೆ ಅಡುಗೆ ಎಣ್ಣೆ ಸವರಿಕೊಂಡು ಕೊಟ್ಟಿಗೆಯ ತಗಡಿನ ಮೇಲೆ ಮಲಗುತ್ತಿದ್ದರು. ಮೈ ಸುಟ್ಟು ಕೆಂಪಾಗುವುದು, ಸಿಪ್ಪೆ ಸುಲಿಯುವುದು, ಮತ್ತೆ ಮೊದಲಿನಷ್ಟೇ ಬೆಳ್ಳಗಾಗುವುದು. ಮುಂದೆ ಅದೇ ಊರಿನ ಕಾರ್ಮೆಲ್ ಎಂಬವಳು ತನ್ನ ಕೇಶಾಲಂಕಾರದ ಅಂಗಡಿಯ ಹಿಂಗೋಣೆಗೆ, ಬಿಸಿಲಿನಂತೆಯೇ ಮೈ ಕಾಯಿಸುವ ದೀಪದ ಪೆಟ್ಟಿಗೆ ತರಿಸಿದಳು. ಒಳಗೆ ಮಲಗಿ ಮುಚ್ಚಳ ಎಳೆದುಕೊಂಡರೆ ಚಳಿಗಾಲದಲ್ಲೂ ಮೈಗೆ ಕಂದುಬಣ್ಣ ಬರುತ್ತಿತ್ತು. ಅಟ್ರಾಕ್ಟಾ ಒಂದು ವಾರವೂ ತಪ್ಪಿಸಲಿಲ್ಲ.

ನಲವತ್ತೆಂಟನೆಯ ವಯಸ್ಸಿನಲ್ಲಿ ಅವಳ ಮೀನಖಂಡದ ಮೇಲಿನ ಮಚ್ಚೆಯೊಂದು ಕಪ್ಪಾಗಿ ಅಂಚು ಹರಡಿಕೊಂಡಿತು. ಚರ್ಮದ ಕ್ಯಾನ್ಸರ್. ಗಾಲ್ವೇಯ ಆಸ್ಪತ್ರೆಯಲ್ಲಿ ಅದನ್ನು ಕೊಯ್ದು ತೆಗೆದಾಗ ಕಾಲಿನಲ್ಲಿ ಮೊಟ್ಟೆ ಹಿಡಿಸುವಷ್ಟು ಹಳ್ಳ ಬಿತ್ತು.

“ಬಿಸಿಲಿಗೂ ನಿಮಗೂ ಇನ್ನು ಆಗಿಬರೋಲ್ಲ ಕಣಮ್ಮ,” ಎಂದರು ಡಾಕ್ಟರು. “ಆ ದೀಪದ ಪೆಟ್ಟಿಗೆ ಹತ್ರಾನೂ ಸುಳೀಬೇಡಿ.”

ಮರುವರ್ಷ ಗೊರೆಟ್ಟಿಯ ಮಗಳ ಮದುವೆ. ಅಟ್ರಾಕ್ಟಾ ಔಷಧಿ ಅಂಗಡಿಯಿಂದ, ಬಿಸಿಲಿಲ್ಲದೆಯೇ ಮೈಗೆ ಕಂದುಬಣ್ಣ ಬರಿಸುವ ಬಾಟಲಿ ತಂದು, ಅವಸರದಲ್ಲಿ ಕೈಗೆ ಸಿಕ್ಕಷ್ಟು ಬಳಿದುಕೊಂಡಳು. ಬೆಳಿಗ್ಗೆ ಎದ್ದರೆ ಮೊಣಕೈ, ಮೊಣಕಾಲೆಲ್ಲ ಕಿತ್ತಳೆ. ಅಂಗೈಗಳಂತೂ ಬಣ್ಣದ ಡಬ್ಬಿಗೆ ಅದ್ದಿದಂತೆ. ಚರ್ಚಿನ ಬಾಗಿಲಲ್ಲೇ ತಂಗಿಯ ಗಂಡ ಮಾಲಕಿ ಕೇಳಿದ, “ಏನ್ರೀ ಅತ್ತಿಗೆ, ಕ್ಯಾರೆಟ್ ಹೊಲದಲ್ಲಿ ಮಲಗಿದ್ರಾ?”

ಎಲ್ಲರೂ ನಕ್ಕರು. “ಹೂಂ, ನಿನ್ ಕೆಂಪು ಮೂಗು ಯಾವ್ ಹೊಲದಲ್ಲಿ ಮಲಗಿತ್ತಪ್ಪ?” ಎಂದಳು ಅಟ್ರಾಕ್ಟಾ. ಮನೆಗೆ ಬಂದು, ಇದನ್ನು ಕಲಿತೇ ತೀರುತ್ತೇನೆಂದು ಹಟ ತೊಟ್ಟಳು.

ವರ್ಷವಿಡೀ ತನ್ನ ಮೈಮೇಲೆಯೇ ಪ್ರಯೋಗ. ಎಡತೋಳಿಗೆ ಒಂದು ಬಾಟಲಿ, ಬಲತೋಳಿಗೆ ಇನ್ನೊಂದು. ಹಿಂದಿನ ದಿನವೇ ಮೈಯನ್ನು ಒರಟು ಬಟ್ಟೆಯಿಂದ ಉಜ್ಜಬೇಕು. ಮೊಣಕಾಲು, ಹಿಮ್ಮಡಿಗಳಂಥ ಒಣಜಾಗಗಳಿಗೆ ಮೊದಲು ಕ್ರೀಮ್ ಸವರಬೇಕು. ಬರಿಗೈಯಲ್ಲಿ ಮುಟ್ಟದೆ ಮೆತ್ತನೆಯ ಕೈಗವಸು ತೊಟ್ಟು, ದುಂಡಗೆ ತೀಡುತ್ತ ಹೋಗಬೇಕು. ಇದೆಲ್ಲ ಅವಳ ಕೈಗೆ ಹತ್ತಿತು. ಮೊದಲು ಗೊರೆಟ್ಟಿ ಬಂದು ಹಚ್ಚಿಸಿಕೊಂಡಳು, ಆಮೇಲೆ ಅಕ್ಕಪಕ್ಕದವರು.

ಆ ವರ್ಷ ಶಾಲೆ ಮುಗಿಸಿದ ಹುಡುಗಿಯರ ಬೀಳ್ಕೊಡುಗೆ ನೃತ್ಯಕ್ಕೆ ಎರಡು ವಾರ ಉಳಿದಿತ್ತು. ಹದಿನಾಲ್ಕು ಹುಡುಗಿಯರೂ ಕಾರ್ಮೆಲಳ ದೀಪದ ಪೆಟ್ಟಿಗೆಗೆ ಹೆಸರು ಬರೆಸಿದ್ದಾರೆಂದು ತಿಳಿದದ್ದೇ ಅಟ್ರಾಕ್ಟಾ ನೇರ ಅಂಗಡಿಗೆ ನುಗ್ಗಿ, ಪೆಟ್ಟಿಗೆ ಬೇಡ, ಬಣ್ಣ ತಾನೇ ಹಚ್ಚುತ್ತೇನೆ ಎಂದಳು.

“ಹದಿನೆಂಟು ತುಂಬಿದೆ ಕಣೇ ಎಲ್ರಿಗೂ, ಕಾನೂನೇನೂ ಅಡ್ಡ ಬರಲ್ಲ,” ಎಂದಳು ಕಾರ್ಮೆಲ್. “ನಿನ್ ಬಾಟಲಿ ಬಣ್ಣ ಬಾಟಲಿ ಬಣ್ಣದ ಥರಾನೇ ಕಾಣುತ್ತೆ. ಬಿಸಿಲಿನ ಬಣ್ಣ ಬರುತ್ತಾ?”

“ಪೋರ್ಚುಗಲ್‌ಗೆ ಹೋಗಿದ್ದ ನಿನ್ ಮಗಳು ಗ್ರಾನ್ಯಾ ವಾಪಸ್ ಬಂದಿದ್ದಾಳಲ್ಲ? ಅಪ್ಪಟ ಬಿಸಿಲಿನ ಬಣ್ಣ ತಾನೇ ಅವಳದ್ದು?”

“ಹೂಂ, ಅಪ್ಪಟ.”

“ಈ ಹುಡುಗೀರಲ್ಲೇ ಎಲ್ರಿಗಿಂತ ಬಿಳಿಚಿಕೊಂಡಿರೋ ಬ್ರೀಡ್‌ನ ನಂಗೆ ಬಿಡು. ನಾಳೆ ಸಂಜೆ ಇಬ್ಬರನ್ನೂ ಪರದೆ ಹಿಂದೆ ನಿಲ್ಲಿಸೋಣ, ಕಾಲು ಮಾತ್ರ ಕಾಣ್ಲಿ. ಬಿಸಿಲಿನ ಕಾಲು ಯಾವುದು ಅಂತ ನೀನೂ ಉಳಿದ ಹುಡುಗೀರೂ ಹೇಳಿ.”

ಮರುದಿನ ಚರ್ಚಿನ ಸಭಾಂಗಣದಲ್ಲಿ ಪರದೆಯ ಕೆಳಗೆ ಎರಡು ಜೊತೆ ಕಾಲು. ಉಳಿದ ಹದಿಮೂರು ಹುಡುಗಿಯರು ಬಗ್ಗಿ ನೋಡಿದರು. ಹತ್ತು ಜನ ಎಡಗಡೆಯ ಕಾಲೇ ಬಿಸಿಲಿನದು ಎಂದರು.

ಕಾರ್ಮೆಲ್ ಕನ್ನಡಕ ಏರಿಸಿದಳು. “ಹೆತ್ತವಳಿಗೆ ಗೊತ್ತಾಗಲ್ವೇನ್ರೇ? ಎಡಗಡೇದು ನನ್ ಮಗಳದ್ದು.”

ಪರದೆ ಸರಿಸಿದರು. ಎಡಕ್ಕೆ ನಿಂತಿದ್ದವಳು ಬ್ರೀಡ್.

ಸಭಾಂಗಣವೇ ಹಾರಿಹೋಗುವಂತೆ ನಗು. ಬಲಗಡೆಯಿಂದ ಗ್ರಾನ್ಯಾ, “ಥೂ ಅಮ್ಮಾ” ಎಂದಳು. ನಗು ಇಳಿಯುವವರೆಗೆ ಕಾದ ಅಟ್ರಾಕ್ಟಾ ಷರಾಯಿ ಮೇಲೆತ್ತಿ ಮೀನಖಂಡದ ಹಳ್ಳ ತೋರಿಸಿದಳು.

“ಇದು ಬಿಸಿಲೂ ದೀಪಾನೂ ಸೇರಿ ನಂಗೆ ಕೊಟ್ಟಿದ್ದು,” ಎಂದಳು. “ನಾನು ಹಚ್ಚೋ ಬಣ್ಣ ವಾರಕ್ಕೆ ಹೋಗುತ್ತೆ. ಇದು ಹೋಗಲ್ಲ. ಇನ್ನೊಂದು ಮಾತು. ಈ ಬಣ್ಣ ಬಿಸಿಲು ತಡೆಯೋದಿಲ್ಲ, ಹೊರಗೆ ಹೋಗ್ವಾಗ ಬಿಸಿಲಿನ ಕ್ರೀಮ್ ಹಚ್ಚಲೇಬೇಕು.”

ಹದಿನಾಲ್ಕು ಹುಡುಗಿಯರೂ ಅವಳ ಅಡುಗೆಮನೆಯಲ್ಲೇ ಸಾಲುಗಟ್ಟಿ ಬಣ್ಣ ಹಚ್ಚಿಸಿಕೊಂಡರು. ಆ ಬಣ್ಣದಿಂದ ಮನೆಯೆಲ್ಲ ಬಿಸ್ಕತ್ತು ಸುಟ್ಟಂಥ ವಾಸನೆ. ನೃತ್ಯದ ಸಂಜೆ ಅವರು ಬಸ್ಸು ಹತ್ತುವಾಗ ಊರೇ ನಿಂತು ನೋಡಿತು.

ಕಾರ್ಮೆಲ್ ಒಂದು ತಿಂಗಳು ಮುಖ ಕೊಟ್ಟು ಮಾತಾಡಲಿಲ್ಲ. ಆಮೇಲೊಂದು ದಿನ ತಾನೇ ಬಂದು, “ನಂಗೂ ಹಚ್ಚೇ” ಎಂದು ಬೆನ್ನು ತೋರಿಸಿ ಕೂತಳು. ಅಟ್ರಾಕ್ಟಾಳ ಕೈ ಭುಜದ ಕೆಳಗೆ ಬಂದು ನಿಂತಿತು. ಅಲ್ಲೊಂದು ಕಪ್ಪು ಮಚ್ಚೆ, ಅಂಚು ಒರಟೊರಟು.

“ಇವತ್ತು ಬಣ್ಣ ಬೇಡ. ಏಳು, ಗಾಲ್ವೇಗೆ ಹೋಗೋಣ.”

ಕ್ಯಾನ್ಸರೇ, ಆದರೆ ಇನ್ನೂ ಆಳಕ್ಕೆ ಇಳಿದಿರಲಿಲ್ಲ. ಅರ್ಧ ಗಂಟೆಯಲ್ಲಿ ತೆಗೆದು ಹಾಕಿದರು. “ಮೊದಲು ನೋಡಿದವರು ಯಾರು?” ಎಂದು ಡಾಕ್ಟರು ಕೇಳಿದಾಗ ಕಾರ್ಮೆಲ್ ಪಕ್ಕದಲ್ಲಿದ್ದವಳತ್ತ ಕೈ ತೋರಿಸಿ, “ಇವಳೇ. ನಮ್ಮೂರಿನ ಬಣ್ಣಗಾತಿ” ಎಂದಳು.

ಕಾರ್ಮೆಲ್ ಊರಿಗೆ ಬಂದವಳೇ ದೀಪದ ಪೆಟ್ಟಿಗೆಯ ತಂತಿ ಕೀಳಿಸಿ ಗುಜರಿಗೆ ಸಾಗಿಸಿದಳು. ಹಿಂಗೋಣೆಗೆ ಸುಣ್ಣ ಹೊಡೆಸಿ, ಬಾಗಿಲಿಗೆ ಅಟ್ರಾಕ್ಟಾಳ ಹೆಸರು ತನ್ನ ಹೆಸರಿಗಿಂತ ದೊಡ್ಡದಾಗಿ ಬರೆಸಿದಳು.